ಆಟಿಕೆಯ ಹುಳುವೂ ಅಹಿಂಸೆಯ ಪಾಠವೂ

ನಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ಬಾಗಿಲಿನ ಒಂದು ಗೋಡೆಕಪಾಟು ಇದೆ. ಹಿಂದೆ ಅದರಲ್ಲಿ ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳನ್ನು ಇಡುತ್ತಿದ್ದೆವು. ಈಗ ಅಲ್ಲಿ ಇರುವೆ, ಜೇನುನೊಣ, ದುಂಬಿ, ಮಿಡತೆ, ಜೇಡ, ಚೇಳು, ಕಪ್ಪೆ, ಆಮೆ, ಖಡ್ಗಮೃಗಗಳು ಸಾಲುಸಾಲಾಗಿ ನಿಂತಿವೆ. ಎಲ್ಲವೂ ಪ್ಲಾಸ್ಟಿಕ್ಕಿನ ಗೊಂಬೆಗಳೇ. ಆದರೆ ನಿಜದ ಪ್ರಾಣಿಗೆ ಎಷ್ಟು ಸಮೀಪವಾಗಿವೆಯೆಂದರೆ, ಮೊದಲ ಸಲ ಬಂದ ಬೀಗರು ಚೇಳನ್ನು ಕಂಡು ಸೆರಗು ಎತ್ತಿಕೊಂಡು ಹಿಂದಕ್ಕೆ ಸರಿದದ್ದುಂಟು.

ಇದು ಏಳನೆಯ ಇಯತ್ತೆಯಲ್ಲಿ ಓದುವ ನಮ್ಮ ಮೊಮ್ಮಗನ ಸಂಗ್ರಹ. ನಾಲ್ಕು ವರ್ಷಗಳಿಂದ ಕೂಡಿಸಿದ್ದಾನೆ. “ಜೈನರ ಮನೆಯಲ್ಲಿ ಇದೇನು ಹುಳುಹುಪ್ಪಟೆಗಳ ಮೆರವಣಿಗೆ?” ಎಂದು ಕೇಳಿದವರು ಅನೇಕರು. ಆ ಪ್ರಶ್ನೆಗೆ ಉತ್ತರ ಹೇಳೋಣವೆಂದು ಈ ಲೇಖನ ಬರೆಯುತ್ತಿದ್ದೇವೆ. ಇದರಲ್ಲಿ ನಮ್ಮಿಂದ ಆದ ಒಂದು ದೊಡ್ಡ ತಪ್ಪಿನ ವಿಷಯವೂ ಬರುತ್ತದೆ. ವಾಚಕ ಬಂಧುಗಳು, ಅದರಲ್ಲೂ ಅಂಗಡಿ ನಡೆಸುವವರು, ಅದನ್ನು ಅವಶ್ಯ ಓದಬೇಕೆಂದು ಕೋರುತ್ತೇವೆ.

ಹಳೆಯ ಆಟ, ಹೊಸ ಅಚ್ಚು

ಪ್ರಾಣಿಯ ರೂಪವನ್ನು ಸಣ್ಣದಾಗಿ ಮಾಡಿಟ್ಟುಕೊಳ್ಳುವ ಆಸೆ ಮನುಷ್ಯನಿಗೆ ಹೊಸದೇನಲ್ಲ. ಮಹಾರಾಷ್ಟ್ರದ ದಾಯಮಾಬಾದಿನಲ್ಲಿ 1974ರಲ್ಲಿ ನೆಲದೊಳಗಿನಿಂದ ಕಂಚಿನ ಆನೆ, ಖಡ್ಗಮೃಗ, ಕೋಣ ಮತ್ತು ಎತ್ತು ಹೂಡಿದ ರಥ ದೊರೆತವು. ಅವು ಮೂರು ಸಾವಿರ ವರ್ಷಗಳಿಗೂ ಹಳೆಯವು. ನಮ್ಮ ಅಕ್ಕಲಕೋಟ, ಜತ್ತ ಕಡೆಯ ಕನ್ನಡ ಮನೆಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರಿಂದ ಮಣ್ಣಿನ ಎತ್ತಿನ ಜೋಡಿ ತರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಬಾಲ್ಯದಲ್ಲಿ ನಾವು ಆ ಎತ್ತುಗಳ ಕೋಡು ಮುರಿಯದಂತೆ ವರ್ಷವಿಡೀ ಕಾಯುತ್ತಿದ್ದೆವು. ಸಂಗ್ರಹದ ಹವ್ಯಾಸ ಎಂಬ ದೊಡ್ಡ ಹೆಸರು ಅದಕ್ಕೆ ಇರಲಿಲ್ಲ, ಅಷ್ಟೆ.

ಪರದೇಶಗಳಲ್ಲಿ ಇದು ದೊಡ್ಡ ಉದ್ಯೋಗವಾಗಿ ಬೆಳೆದಿದೆ. ಲಂಡನ್ನಿನ ಬ್ರಿಟನ್ಸ್ ಎಂಬ ಮನೆತನದ ಕಂಪನಿ 1893ರಲ್ಲಿ ಒಳಗೆ ಪೊಳ್ಳಾಗಿರುವ ಸೀಸದ ಗೊಂಬೆ ಎರಕ ಹೊಯ್ಯುವ ವಿಧಾನ ಕಂಡುಹಿಡಿದು ಸಿಪಾಯಿಗಳ ಗೊಂಬೆ ಮಾರಿ ಹೆಸರಾಯಿತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಜನಕ್ಕೆ ಯುದ್ಧವೆಂದರೆ ಬೇಸರ. ಸಿಪಾಯಿ ಗೊಂಬೆಗಳಿಗೆ ಗಿರಾಕಿ ಕಡಿಮೆಯಾದರು. ಆಗ 1920ರ ದಶಕದ ಆರಂಭದಲ್ಲಿ ಅದೇ ಕಂಪನಿ ಆಕಳು, ಕುದುರೆ, ಕುರಿ, ರೈತ ಇವುಗಳ ‘ಹೋಮ್ ಫಾರ್ಮ್’ ಸಾಲನ್ನು ಹೊರತಂದಿತು. ಬಂದೂಕು ಹಿಡಿದವನನ್ನು ಬಿಟ್ಟು ಆಕಳನ್ನು ಮಾಡಿದ ಈ ವ್ಯಾಪಾರದ ಕಥೆ ನಮಗೆ ಬಹಳ ಮೆಚ್ಚಿಗೆಯಾಗಿದೆ.

ಮುಂದೆ ಸೀಸದ ಕಾಲ ಹೋಗಿ ಪ್ಲಾಸ್ಟಿಕ್ಕಿನ ಕಾಲ ಬಂತು. 1935ರಲ್ಲಿ ಫ್ರೆಡ್ರಿಕ್ ಶ್ಲೈಖ್ ಎಂಬವರು ಸ್ಥಾಪಿಸಿದ ಜರ್ಮನಿಯ ಶ್ಲೈಖ್ ಕಂಪನಿಯ ಪ್ರಾಣಿಗಳು ಕೈಯಿಂದ ಬಣ್ಣ ಹಚ್ಚಿದವು. ಅವುಗಳ ಚರ್ಮದ ಸುಕ್ಕುಗಳನ್ನೂ ನೋಡಬಹುದು. ಅಮೇರಿಕೆಯ ಫ್ಲಾರಿಡಾದಲ್ಲಿ 1982ರಲ್ಲಿ ಆರಂಭವಾದ ಸಫಾರಿ ಕಂಪನಿಯವರು ಒಂದೇ ಜೀವಿಯ ನಾಲ್ಕು ಅವಸ್ಥೆಗಳ ಸೆಟ್ ಮಾಡುತ್ತಾರೆ. ಚಿಟ್ಟೆಯದಾದರೆ ಮೊಟ್ಟೆ, ಕಂಬಳಿಹುಳು, ಕೋಶ, ರೆಕ್ಕೆ ಬಿಚ್ಚಿದ ಚಿಟ್ಟೆ. ನಮ್ಮ ಮೊಮ್ಮಗನ ಸಂಗ್ರಹ ಆರಂಭವಾದದ್ದು ಆ ಸೆಟ್ಟಿನಿಂದಲೇ.

ಆದರೆ ಹುಳುಗಳ ಗೊಂಬೆ ಮಾಡುವುದರಲ್ಲಿ ಜಪಾನಿನವರನ್ನು ಮೀರಿಸಿದವರಿಲ್ಲ. ಅಲ್ಲಿಯ ಮಕ್ಕಳಿಗೆ ದುಂಬಿ, ಏರೋಪ್ಲೇನ್ ಚಿಟ್ಟೆಗಳೆಂದರೆ ಪ್ರಾಣ. ಕಾಯ್ಯೋಡೋ ಎಂಬ ಸಂಸ್ಥೆ 1964ರಲ್ಲಿ ಓಸಾಕಾ ಪ್ರಾಂತದಲ್ಲಿ ಒಸಾಮು ಮಿಯಾವಾಕಿ ಎಂಬವರು ತೆಗೆದ ಸಣ್ಣ ಮಾದರಿ ಆಟಿಕೆಗಳ ಅಂಗಡಿಯಾಗಿ ಹುಟ್ಟಿತು. ಅಂಗಡಿಯ ಜಾಗ ಸುಮಾರು 50 ಚದರ ಅಡಿ ಮಾತ್ರ. ನಮ್ಮ ಪೇಟೆಯ ಪಾನಪಟ್ಟಿ ಅಂಗಡಿಗಿಂತ ತುಸು ದೊಡ್ಡದು ಅನ್ನಬಹುದು. ಅದೇ ಸಂಸ್ಥೆ 1999ರಲ್ಲಿ ಫುರುತಾ ಎಂಬ ಮಿಠಾಯಿ ಕಂಪನಿಯ ಚಾಕಲೇಟ್ ಮೊಟ್ಟೆಗಳೊಳಗೆ ಇಡಲು ಜಪಾನಿನ ಪ್ರಾಣಿಗಳ ಪುಟ್ಟ ಗೊಂಬೆಗಳನ್ನು ಮಾಡಿಕೊಟ್ಟಿತು. ಶಿನೋಬು ಮತ್ಸುಮುರಾ ಎಂಬ ಕಲಾವಿದರು ಅವುಗಳ ಮೂಲ ರೂಪ ತಿದ್ದಿದವರು. ದೊಡ್ಡವರೂ ಆ ಗೊಂಬೆಯ ಆಸೆಗಾಗಿ ಚಾಕಲೇಟ್ ಕೊಳ್ಳಲಾರಂಭಿಸಿದರು. 2018ರಲ್ಲಿ ಬಾಂಡಾಯ್ ಕಂಪನಿ, ಮುಟ್ಟಿದರೆ ಉಂಡೆಯಾಗುವ ಸಣ್ಣ ಹುಳುವನ್ನು ಸುಮಾರು 10 ಪಟ್ಟು ದೊಡ್ಡದು ಮಾಡಿ ಗೊಂಬೆಯಾಗಿ ಮಾರಿತು. ಅದು ನಿಜದ ಹುಳುವಿನಂತೆಯೇ ಮಡಚಿ ಉಂಡೆಯಾಗುತ್ತದೆ. ನಾಣ್ಯ ಹಾಕಿದರೆ ಯಂತ್ರದಿಂದ ಉಂಡೆಯಾಗಿಯೇ ಹೊರಗೆ ಬೀಳುತ್ತದೆ.

ಕಾಲು ಎಣಿಸುವ ಪಾಠ

ಗೊಂಬೆ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವ ಬಗೆಯನ್ನು ನಮಗೆ ಮೊಮ್ಮಗನೇ ಕಲಿಸಿದ. ಮೊದಲು ಕಾಲು ಎಣಿಸಬೇಕು. ಕೀಟವಾದರೆ ಆರು, ಜೇಡ ಮತ್ತು ಚೇಳಿಗೆ ಎಂಟು. ಕೀಟದ ದೇಹ ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗವಾಗಿರಬೇಕು. ಆರೂ ಕಾಲುಗಳು ಎದೆಯಿಂದಲೇ ಹೊರಟಿರಬೇಕು. ಜೇನುನೊಣಕ್ಕೂ ಚಿಟ್ಟೆಗೂ ನಾಲ್ಕು ರೆಕ್ಕೆ, ಮನೆನೊಣಕ್ಕೆ ಎರಡೇ. ಜಾತ್ರೆಯಲ್ಲಿ ಹತ್ತು ರೂಪಾಯಿಗೆ ಸಿಗುವ ಪೊಟ್ಟಣದಲ್ಲಿ ಆರು ಕಾಲಿನ ಜೇಡ, ಹೊಟ್ಟೆಯಿಂದ ಕಾಲು ಹೊರಟ ಇರುವೆ ಇವೆಲ್ಲ ಇರುತ್ತವೆ. ಅರವತ್ತು ವರ್ಷ ಮೀರಿದ ನಾವು, ಚಾತುರ್ಮಾಸದಲ್ಲಿ ಹುಳು ಸಾಯಬಾರದೆಂದು ಸೂರ್ಯಾಸ್ತದ ಮೊದಲೇ ಊಟ ಮಾಡುವ ನಾವು, ಮನೆನೊಣಕ್ಕೆ ಎಷ್ಟು ರೆಕ್ಕೆ ಎಂದು ಒಮ್ಮೆಯೂ ನೋಡಿರಲಿಲ್ಲ. ಯಾರನ್ನು ಉಳಿಸುತ್ತಿದ್ದೇವೆಯೋ ಅವರ ಮುಖವನ್ನೇ ನೋಡದೆ ಇದ್ದಂತಾಯಿತು.

ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ಹೇಳಿಕೊಡುವಾಗ ಜೀವಗಳ ಇಂದ್ರಿಯಗಳ ವಿಷಯ ಬರುತ್ತದೆ. ಆಚಾರ್ಯ ಉಮಾಸ್ವಾಮಿಗಳು ಹುಳು, ಇರುವೆ, ದುಂಬಿ, ಮನುಷ್ಯ ಎಂದು ಉದಾಹರಣೆ ಕೊಟ್ಟು, ಒಂದೊಂದಕ್ಕೆ ಒಂದೊಂದು ಇಂದ್ರಿಯ ಹೆಚ್ಚು ಎಂದು ತೋರಿಸಿದ್ದಾರೆ. ಮೊಮ್ಮಗ ಅದನ್ನು ಕೇಳಿ ಬಂದ ದಿನವೇ ಕಪಾಟಿನ ಗೊಂಬೆಗಳನ್ನೆಲ್ಲ ಇಳಿಸಿ ಹೊಸದಾಗಿ ಜೋಡಿಸಿದ. ಕೆಳಗಿನ ಹಲಗೆಯಲ್ಲಿ ಎರಡು ಇಂದ್ರಿಯದ ಎರೆಹುಳು, ಶಂಖ. ಅದರ ಮೇಲೆ ಮೂರು ಇಂದ್ರಿಯದ ಇರುವೆ. ಅದರ ಮೇಲೆ ನಾಲ್ಕು ಇಂದ್ರಿಯದ ದುಂಬಿ, ನೊಣ. ಎಲ್ಲಕ್ಕೂ ಮೇಲೆ ಪಂಚೇಂದ್ರಿಯ ಪ್ರಾಣಿಗಳು.

ಆ ಮೇಲಿನ ಹಲಗೆಯಲ್ಲಿ ತೀರ್ಥಂಕರರ ಲಾಂಛನಗಳ ಪ್ರಾಣಿಗಳಿಗೆ ಒಂದು ಪ್ರತ್ಯೇಕ ಸಾಲು ಇದೆ. ಆದಿನಾಥರ ವೃಷಭ, ಅಜಿತನಾಥರ ಆನೆ, ಸಂಭವನಾಥರ ಕುದುರೆ, ಅಭಿನಂದನರ ಕಪಿ, ಶ್ರೇಯಾಂಸನಾಥರ ಖಡ್ಗಮೃಗ, ವಾಸುಪೂಜ್ಯರ ಕೋಣ, ಶಾಂತಿನಾಥರ ಜಿಂಕೆ, ಮುನಿಸುವ್ರತರ ಆಮೆ, ಪಾರ್ಶ್ವನಾಥರ ಸರ್ಪ, ಮಹಾವೀರರ ಸಿಂಹ ಇವೆಲ್ಲ ದೊರೆತಿವೆ. ನಮ್ಮ ದಿಗಂಬರ ಪರಂಪರೆಯಂತೆ ಸುಮತಿನಾಥರ ಲಾಂಛನವಾದ ಚಕ್ರವಾಕ ಪಕ್ಷಿ ಮಾತ್ರ ಇನ್ನೂ ಸಿಕ್ಕಿಲ್ಲ. ನೇಮಿನಾಥರ ಶಂಖವನ್ನು ಅವನು ಮೇಲಕ್ಕೆ ಇಡಲಿಲ್ಲ. “ಅದು ಎರಡು ಇಂದ್ರಿಯದ ಜೀವದ ಮನಿ, ಕೆಳಗೇ ಇರ್ಲಿ. ಭಗವಂತರು ಸಣ್ಣ ಜೀವಾನೂ ಲಾಂಛನ ಮಾಡ್ಕೊಂಡಾರ,” ಎಂದ. ನಮಗೆ ಆ ಮಾತು ಹೊಳೆದಿರಲಿಲ್ಲ.

ಒಂದು ದಿನ ಅವನು ಕಠಿಣ ಪ್ರಶ್ನೆಯನ್ನೂ ಕೇಳಿದ. “ಅಜ್ಜಾ, ಇರಿವಿಗಿ ಮೂರೇ ಇಂದ್ರಿಯ ಅಂತೀರಿ. ಈ ಗೊಂಬಿಗಿ ಕಣ್ಣು ಮಾಡ್ಯಾರಲ್ಲ? ಸಾಳಿ ಪುಸ್ತಕದಾಗೂ ಇರಿವಿಗಿ ಕಣ್ಣು ಅವ ಅಂತ ಬರ್ದಾರ.” ಹೆಚ್ಚಿನ ಇರುವೆಗಳಿಗೆ ಕಣ್ಣು ಇರುವುದು ನಿಜ. ದಾರಿಯನ್ನು ಮಾತ್ರ ಅವು ಮುಖ್ಯವಾಗಿ ವಾಸನೆಯಿಂದ, ತಲೆಯ ಮೇಲಿನ ಮೀಸೆಗಳಿಂದ ಹುಡುಕುತ್ತವೆ. ನಾವು ಮ್ಯಾಟ್ರಿಕ್ ಓದಿದವರು, ಪಂಡಿತರಲ್ಲ. ಪುಸ್ತಕದ ಮಾತನ್ನು ಮುಚ್ಚಿಡಲಿಲ್ಲ, ಶಾಸ್ತ್ರದ ಮಾತನ್ನೂ ಬಿಡಲಿಲ್ಲ. “ಇಂದ್ರಿಯ ಮೂರಿರಲಿ, ನಾಲ್ಕಿರಲಿ, ತುಳಿದರ ನೋವು ಅದಕ್ಕ ಆಗ್ತದ. ಅದನ್ನ ಎರಡೂ ಪುಸ್ತಕ ಅಲ್ಲಗಳೆಯೂದಿಲ್ಲ,” ಎಂದೆವು. ಅವನು ಒಪ್ಪಿದನೋ ಇಲ್ಲವೋ, ಇರುವೆಯನ್ನು ಮೂರನೆಯ ಇಂದ್ರಿಯದ ಹಲಗೆಯಲ್ಲೇ ಬಿಟ್ಟ. ಆದರೆ ನಾಲ್ಕನೆಯದಕ್ಕೆ ಹತ್ತಿರವಾಗಿ, ಹಲಗೆಯ ಅಂಚಿನಲ್ಲಿ ನಿಲ್ಲಿಸಿದ.

ಹಿಟ್ಟಿನ ಹುಂಜ

ಈ ಹವ್ಯಾಸಕ್ಕೆ ಮನೆಯಲ್ಲಿ ಮೊದಲಿನಿಂದ ವಿರೋಧವಿದ್ದದ್ದು ನಮ್ಮ ಮನೆಯವರದು. ದೇವರ ಕೋಣೆಯ ಎದುರಿಗೇ ಚೇಳು, ಜೇಡ ಕಾಣುವುದು ಅವರಿಗೆ ಸರಿಬರಲಿಲ್ಲ. ಒಂದು ಮಧ್ಯಾಹ್ನ ಮೊಮ್ಮಗ ಮತ್ತು ಅವನ ಇಬ್ಬರು ಗೆಳೆಯರು ಅಂಗಳದಲ್ಲಿ ಚೇಳಿನ ಗೊಂಬೆಯನ್ನು ಇಟ್ಟು, “ಹೊಡಿ, ಸಾಯ್ಲಿ” ಎಂದು ಕಲ್ಲಿನಿಂದ ಜಜ್ಜುತ್ತ ನಗುತ್ತಿದ್ದರು. ನಾವು ನೋಡಿಯೂ ಪ್ಲಾಸ್ಟಿಕ್ಕು ತಾನೇ ಎಂದು ಸುಮ್ಮನಿದ್ದೆವು. ಅವರು ಒಳಗಿನಿಂದ ಬಂದು ಕಲ್ಲು ಕಸಿದುಕೊಂಡು, “ಹಿಟ್ಟಿನ ಹುಂಜದ ಕಥಿ ಮರ್ತ್ರೇನು?” ಎಂದು ಕೇಳಿದರು. ಹುಡುಗರನ್ನಲ್ಲ, ನಮ್ಮನ್ನು.

ಆ ಕಥೆ ವಾಚಕರಿಗೆ ತಿಳಿದದ್ದೇ. ಸೋಮದೇವ ಸೂರಿಗಳು ಇಂದಿನ ತೆಲಂಗಾಣದ ಗಂಗಾಧಾರದಲ್ಲಿ 959ರಲ್ಲಿ ಯಶಸ್ತಿಲಕ ಚಂಪುವನ್ನು ಸಂಸ್ಕೃತದಲ್ಲಿ ಮುಗಿಸಿದರು. ಅದೇ ಕಥೆಯನ್ನು ಕವಿ ಜನ್ನ 1209ರಲ್ಲಿ ಕನ್ನಡದಲ್ಲಿ ಯಶೋಧರ ಚರಿತೆಯಾಗಿ ಬರೆದ. ಜೀವಬಲಿಗೆ ಒಪ್ಪದ ಯಶೋಧರ ರಾಜ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ದೇವಿಗೆ ಬಲಿ ಕೊಡುತ್ತಾನೆ. ಕತ್ತಿ ಬೀಳುತ್ತಲೇ ಆ ಹಿಟ್ಟಿನ ಹುಂಜ ಕೂಗುತ್ತದೆ. ಆ ಒಂದು ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕೋಳಿಗಳಾಗಿ ಜನ್ಮಜನ್ಮಗಳಲ್ಲಿ ಕೊಲೆಗೆ ಈಡಾಗುತ್ತಾರೆ. ಹಿಟ್ಟಿಗೆ ಜೀವವಿರಲಿಲ್ಲ. ಆದರೆ ಕೊಲ್ಲುತ್ತೇನೆಂಬ ಭಾವ ಇತ್ತು. ಅದನ್ನೇ ನಾವು ಸಂಕಲ್ಪ ಹಿಂಸೆ ಎನ್ನುತ್ತೇವೆ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮವಾಯಿತು. ಗೊಂಬೆಗಳನ್ನು ನೋಡಬಹುದು, ಆಡಬಹುದು, ಚಿತ್ರ ಬರೆಯಬಹುದು. ಕೊಲ್ಲುವ ಆಟ ಮಾತ್ರ ಇಲ್ಲ. ಜಜ್ಜಿದ ಆ ಚೇಳನ್ನು ಮೊಮ್ಮಗ ಎಸೆಯಲಿಲ್ಲ. ಮುರಿದ ಕೊಂಡಿಯನ್ನು ಅಂಟಿಸಿ ಕಪಾಟಿನಲ್ಲೇ ಇಟ್ಟಿದ್ದಾನೆ. ನಮ್ಮ ಮನೆಯವರೂ ವಿರೋಧ ಬಿಟ್ಟಿದ್ದಾರೆ. ಕಪಾಟಿನ ಧೂಳು ಒರೆಸುವವರು ಈಗ ಅವರೇ.

ನಮ್ಮ ಅಂಗಡಿಯಲ್ಲಿ ಆದದ್ದು

ಇಷ್ಟೆಲ್ಲ ಕಲಿತ ಮೇಲೂ ತಪ್ಪು ಆಯಿತು. ನಮ್ಮದು ಸ್ಟೇಷನರಿ ಮತ್ತು ಕಟ್ಲರಿ ಅಂಗಡಿ. ಕಳೆದ ವರ್ಷ ಶಾಲೆ ಆರಂಭದ ಸೀಜನ್ನಿಗೆ ಮುಂಬಯಿಯ ಒಬ್ಬ ಠೋಕ ವ್ಯಾಪಾರಿಯಿಂದ ಮಾಲು ತರಿಸಿದಾಗ, ಅದರೊಡನೆ ಹೊಸ ನಮೂನೆಯೆಂದು ಎರಡು ಡಜನ್ ಕೀಚೈನುಗಳು ಬಂದವು. ಗಾಜಿನಂತೆ ಪಾರದರ್ಶಕವಾದ ರೆಸಿನ್ನಿನ ಗಟ್ಟಿ, ಅದರೊಳಗೆ ಚೇಳು, ದುಂಬಿ, ಸಣ್ಣ ಏಡಿ. ನಾವು ಗೊಂಬೆಯೆಂದೇ ತಿಳಿದು ಗಲ್ಲೆಯ ಪಕ್ಕದಲ್ಲಿ ತೂಗುಹಾಕಿದೆವು. ಮೂರೇ ದಿನದಲ್ಲಿ ಒಂಬತ್ತು ಹೋದವು. ಲಾಭವೂ ಒಳ್ಳೆಯದಿತ್ತು. ಇನ್ನೂ ನಾಲ್ಕು ಡಜನ್ ಹೇಳೋಣವೆಂದು ವಿಚಾರ ಮಾಡುತ್ತಿದ್ದೆವು.

ರವಿವಾರ ಮೊಮ್ಮಗ ಅಂಗಡಿಗೆ ಬಂದ. ಖುಷಿಪಡುತ್ತಾನೆಂದು ನಾವೇ ಕರೆದು ತೋರಿಸಿದೆವು. ಅವನು ಐದು ಚೇಳುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: “ಅಜ್ಜಾ, ಇವು ಗೊಂಬಿ ಅಲ್ಲ. ಒಂದೇ ಅಚ್ಚಿನಾಗ ಮಾಡಿದ್ರ ಐದೂ ಒಂದೇ ಥರ ಇರ್ತಿದ್ವು. ಇದರ ಕಾಲು ಮಡಚ್ಯದ, ಇದರ ಕಾಲು ಚಾಚ್ಯದ. ಖರೇ ಚೇಳು ಇವು.”

ನಾವು ವ್ಯಾಪಾರಿಗೆ ಫೋನ್ ಮಾಡಿದೆವು. ಅವರು ಹೆಮ್ಮೆಯಿಂದಲೇ, ಹೌದು, ಅಸಲಿ ಮಾಲು, ಅದಕ್ಕೇ ದರ ಹೆಚ್ಚು ಎಂದರು. ಬೇಡವಾದರೆ ವಾಪಸು ಕಳಿಸಿ, ಬೇರೆ ಗಿರಾಕಿ ಇದ್ದಾರೆ ಎಂದೂ ಹೇಳಿದರು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹಿಟ್ಟಿನ ಹುಂಜವನ್ನು ನೋಡಿ ಬೇಸರಪಟ್ಟ ಮನೆಯಲ್ಲಿ, ನಿಜವಾದ ಜೀವಗಳ ಹೆಣವನ್ನು ಡಜನ್ ಲೆಕ್ಕದಲ್ಲಿ ಮಾರಿದ್ದೆವು. ಗೊತ್ತಿರಲಿಲ್ಲ ಎನ್ನಬಹುದು. ಆದರೆ ಎಣ್ಣೆಯ ಡಬ್ಬಿ ಕೊಳ್ಳುವಾಗ ಮೂಸಿ ನೋಡುವ ನಾವು, ಇದನ್ನು ನೋಡಲಿಲ್ಲವೇಕೆ? ಲಾಭ ಒಳ್ಳೆಯದಿತ್ತು, ಅದೇ ಕಾರಣ. ಕೃತ, ಕಾರಿತ, ಅನುಮೋದನೆ ಎಂದು ಪಾಪಕ್ಕೆ ಮೂರು ಬಾಗಿಲು ಹೇಳಿದ್ದಾರೆ. ಹಿಡಿದು ಕೊಂದವನು ಎಲ್ಲೋ ಇದ್ದಾನೆ. ಆದರೆ ಗಿರಾಕಿ ಇದ್ದರೆ ತಾನೇ ಅವನು ಹಿಡಿಯುವುದು? ಅಂಗಡಿಯಲ್ಲಿ ತೂಗುಹಾಕಿದವರು ನಾವು. ಉದ್ಯೋಗದಲ್ಲಿ ತಪ್ಪಿಸಲಾಗದ ಹಿಂಸೆ ಎಂಬ ಹೆಸರಿನಡಿ ಇದನ್ನು ಸೇರಿಸಲು ಬರುವುದಿಲ್ಲ.

ಉಳಿದ ಹದಿನೈದನ್ನು ಏನು ಮಾಡುವುದೆಂಬುದೇ ದೊಡ್ಡ ಪ್ರಶ್ನೆಯಾಯಿತು. ವಾಪಸು ಕಳಿಸಿದರೆ ಹಣ ಬರುತ್ತಿತ್ತು. ಆದರೆ ಮಾಲು ಇನ್ನೊಬ್ಬರ ಅಂಗಡಿಗೆ ಹೋಗುತ್ತಿತ್ತು. ಮಗ ಹಣದ ಮಾತು ಎತ್ತಿದ. ಅವನದೂ ತಪ್ಪಲ್ಲ, ಸೀಜನ್ನಿನಲ್ಲಿ ಕೈ ಬಿಗಿಯಾಗಿತ್ತು. ಕೊನೆಗೆ ಎಲ್ಲರೂ ಕೂಡಿ ನಷ್ಟ ಹೊರುವುದೆಂದು ನಿಶ್ಚಯಿಸಿ, ನಮ್ಮ ಹೊಲದ ಬದುವಿನಲ್ಲಿ ಅವನ್ನು ಹೂಳಿ ಣಮೋಕಾರ ಮಂತ್ರ ಹೇಳಿ ಬಂದೆವು. ಮಾರಿದ ಒಂಬತ್ತರಲ್ಲಿ ಗುರುತಿನ ಗಿರಾಕಿಗಳು ನಾಲ್ವರು. ಅವರಿಗೆ ವಿಷಯ ಹೇಳಿದೆವು. ಇಬ್ಬರು ತಂದುಕೊಟ್ಟು ಹಣ ಒಯ್ದರು. ಒಬ್ಬರು ನಕ್ಕರು. ಒಬ್ಬರು, ಹುಡುಗ ಕೊಡಲು ಒಲ್ಲೆ ಅನ್ನುತ್ತಾನೆ ಎಂದರು. ಇನ್ನೈದು ಯಾರ ಕಿಸೆಯಲ್ಲಿವೆಯೋ.

ಚಾತುರ್ಮಾಸಕ್ಕೆ ಊರಲ್ಲಿದ್ದ ಮಹಾರಾಜರ ಎದುರು ಎಲ್ಲವನ್ನೂ ಹೇಳಿಕೊಂಡೆವು. ಅವರು ಪ್ರಾಯಶ್ಚಿತ್ತವಾಗಿ ಒಂಬತ್ತು ಏಕಾಶನ ಕೊಟ್ಟರು. ಜೊತೆಗೆ, ಇದನ್ನು ನಾಲ್ಕು ಜನ ಅಂಗಡಿಯವರಿಗೆ ತಿಳಿಸಿರಿ ಎಂದರು. ಏಕಾಶನ ಮುಗಿದಿವೆ. ಎರಡನೆಯ ಕೆಲಸ ಈ ಲೇಖನದಿಂದ ಮಾಡುತ್ತಿದ್ದೇವೆ.

ಕೊಳ್ಳುವವರಿಗೂ ಮಾರುವವರಿಗೂ

ಅಚ್ಚಿನ ಗೊಂಬೆಯನ್ನು ಗುರುತಿಸುವುದು ಕಷ್ಟವಲ್ಲ. ಉಕ್ಕಿನ ಅಚ್ಚಿನ ಎರಡು ಹೋಳುಗಳ ನಡುವೆ ಕಾದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬುತ್ತಾರೆ. ಆದ್ದರಿಂದ ಎರಡು ಹೋಳು ಕೂಡಿದಲ್ಲಿ ಸಣ್ಣ ಗೆರೆ ಉಳಿಯುತ್ತದೆ. ಒಳ್ಳೆಯ ಕಂಪನಿಯ ಗೊಂಬೆಯ ಹೊಟ್ಟೆಯಡಿಯಲ್ಲಿ ಅದರ ಹೆಸರು, ಅನೇಕ ವೇಳೆ ವರ್ಷ ಕೂಡ ಒತ್ತಿರುತ್ತದೆ. ಒಂದೇ ನಮೂನೆಯ ಎರಡನ್ನು ಪಕ್ಕದಲ್ಲಿಟ್ಟರೆ ಬಣ್ಣ ತುಸು ಬೇರೆಯಾದರೂ ಆಕಾರ ಒಂದೇ. ರೆಸಿನ್ನಿನೊಳಗಿನ ಹುಳುಗಳು ಒಂದಕ್ಕೊಂದು ಬೇರೆ ಬೇರೆಯಾಗಿದ್ದರೆ, ಕಾಲಿನ ಮೇಲೆ ಕೂದಲೆಳೆ ಕಂಡರೆ, ಪೊಟ್ಟಣದ ಮೇಲೆ ‘ರಿಯಲ್’ ಎಂದಿದ್ದರೆ, ಅದು ಜೀವವಾಗಿತ್ತು ಎಂದೇ ತಿಳಿಯಬೇಕು. ಚೌಕಟ್ಟಿನಲ್ಲಿ ಸೂಜಿ ಚುಚ್ಚಿ ಇಟ್ಟ ಚಿಟ್ಟೆಗಳದೂ ಅದೇ ಮಾತು. ಕೆಲವು ಜಾತಿಯ ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ.

ಎರಡನೆಯದು, ಮಕ್ಕಳ ಸುರಕ್ಷತೆ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಗುರುತಿಲ್ಲದ ಅಗ್ಗದ ಮಾಲು ತರುವುದು ಅಂಗಡಿಯವರಿಗೂ ಅಪಾಯ, ಮಕ್ಕಳಿಗೂ ಅಪಾಯ. ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ್ದರಿಂದ ಪರದೇಶದ ಗೊಂಬೆಗಳು ತುಟ್ಟಿಯಾದವು. ಮೂರು ವರ್ಷದೊಳಗಿನ ಕೂಸುಗಳ ಕೈಗೆ ಸಣ್ಣ ಗೊಂಬೆ ಕೊಡಲೇಬಾರದು, ನುಂಗಿಬಿಡುತ್ತವೆ. ಹಳೆಯ ಸೀಸದ ಗೊಂಬೆ ಮನೆಯಲ್ಲಿದ್ದರೆ ನೋಡಲಷ್ಟೇ ಇರಲಿ. ಸೀಸ ವಿಷ. ಪ್ಲಾಸ್ಟಿಕ್ ಗೊಂಬೆಯನ್ನು ಬಿಸಿಲಿನಲ್ಲಿ ಇಟ್ಟರೆ ಬಣ್ಣ ಹಾರುತ್ತದೆ, ಕಾಲು ಸೊಟ್ಟಾಗುತ್ತದೆ. ಸೋಸಿದ ನೀರಿಗೆ ತುಸು ಸಾಬೂನು ಹಾಕಿ ಮೆದು ಬ್ರಶ್ಶಿನಿಂದ ತೊಳೆದು ನೆರಳಲ್ಲಿ ಒಣಗಿಸಿದರೆ ಸಾಕು.

ಮೂರನೆಯದು ನಮ್ಮ ಧರ್ಮದ ಮಾತು. ಸಂಗ್ರಹ ಎಂದರೆ ಪರಿಗ್ರಹವೇ. ಒಂದು ಬಂದರೆ ಇನ್ನೊಂದು ಬೇಕೆನಿಸುತ್ತದೆ. ಎಂಬತ್ತು ದಾಟಿದಾಗ ಮೊಮ್ಮಗನಿಗೆ ಪರಿಗ್ರಹ ಪರಿಮಾಣ ವ್ರತದ ವಿಷಯ ತಿಳಿಸಿ, ಮಿತಿಯನ್ನು ನೀನೇ ಹಾಕಿಕೋ ಎಂದೆವು. ಅವನು ಎರಡು ದಿನ ವಿಚಾರ ಮಾಡಿ ಅರವತ್ತು ಎಂದ. ಹೆಚ್ಚಿನವು ಪಾಠಶಾಲೆಯ ಮಕ್ಕಳಿಗೆ ಹೋದವು. ಈಗ ಹೊಸದೊಂದು ಬಂದರೆ ಹಳೆಯದೊಂದು ಹೊರಡಬೇಕು. ಯಾವುದನ್ನು ಕೊಡಲಿ ಎಂದು ಅವನು ಕಪಾಟಿನ ಮುಂದೆ ನಿಂತು ಒದ್ದಾಡುವುದನ್ನು ನೋಡಿದರೆ, ನಮ್ಮ ಗೋದಾಮು ನೆನಪಿಗೆ ಬಂದು ನಾಚಿಕೆಯಾಗುತ್ತದೆ.

ದೀಪ ಆರಿಸಿದ ಕಥೆ

ಕೊನೆಯದಾಗಿ ಒಂದು ಸಣ್ಣ ಸಂಗತಿ. ಮೊದಲ ಮಳೆ ಬಿದ್ದ ಮೇಲೆ ನಮ್ಮ ಅಂಗಡಿಯ ಬೋರ್ಡಿನ ಟ್ಯೂಬ್‌ಲೈಟಿಗೆ ರೆಕ್ಕೆಯ ಹುಳುಗಳು ಮುತ್ತುತ್ತಿದ್ದವು. ಮುಂಜಾನೆ ಮೆಟ್ಟಿಲಿನ ತುಂಬ ರೆಕ್ಕೆ ಮತ್ತು ಹೆಣಗಳ ರಾಶಿ. ನಲವತ್ತು ವರ್ಷ ಅದನ್ನು ಗುಡಿಸಿ ಹಾಕಿದ್ದೇವೆ. ಈ ಮಳೆಗಾಲದಲ್ಲಿ ಮೊಮ್ಮಗ ಅದರಲ್ಲಿ ಒಂದನ್ನು ಅಂಗೈಯಲ್ಲಿ ಎತ್ತಿಕೊಂಡು ಬಂದು, “ಅಜ್ಜಾ, ನಾಲ್ಕು ರೆಕ್ಕಿ, ಆರು ಕಾಲು. ಇದು ಕಪಾಟಿನ್ಯಾಗ ಇಲ್ಲ. ದೀಪ ಆರಸ್ರಿ,” ಎಂದ.

ಅಂದಿನಿಂದ ಮಳೆಗಾಲದ ಸಂಜೆ ಬೋರ್ಡಿನ ದೀಪ ಹಚ್ಚುವುದಿಲ್ಲ. ನಾಲ್ಕು ಗಿರಾಕಿ ಕಡಿಮೆಯಾಗಿರಬಹುದು. ಮೆಟ್ಟಿಲು ಸ್ವಚ್ಛವಾಗಿದೆ. “ಜೈನರ ಮನೆಯಲ್ಲಿ ಇದೇನು?” ಎಂದು ಕೇಳಿದ ಬಂಧುಗಳಿಗೆ ನಮ್ಮ ಉತ್ತರ ಇದೇ.

ಜೈ ಜಿನೇಂದ್ರ.